ಬೇರೆ ಕಂಪನಿಯ ಪುಲ್ಲಿ

ಫೆಬ್ರವರಿ 3, ಸೋಮವಾರ

ಗ್ಯಾರೇಜಿನವನು ಬಾನೆಟ್ಟು ಎತ್ತಿ ಇಣುಕಿ, ಒಳಗೆ ಯಾರೋ ತೀರಿಕೊಂಡಿದ್ದಾರೆ ಎನ್ನುವಂತೆ ತಲೆಯಾಡಿಸಿದ. ತೀರಿಕೊಂಡಿರುವುದು ಒಂದು ಪುಲ್ಲಿ. ಇಂಜಿನ್ನಿನ ಪಕ್ಕದಲ್ಲಿ ತಿರುಗುತ್ತ ಬೆಲ್ಟನ್ನು ಓಡಿಸುವ ಚಕ್ರ. ಅದರ ಹೊರಗಿನ ಬಳೆಗೂ ಒಳಗಿನ ಗಟ್ಟಿ ತುಂಡಿಗೂ ನಡುವೆ ಇದ್ದ ರಬ್ಬರು ಸತ್ತುಹೋಗಿದೆ. ಈಗ ಎತ್ತು ಏರಿಗೆ, ಕೋಣ ನೀರಿಗೆ. ಬೆಲ್ಟು ಜಾರುತ್ತದೆ, ಬ್ಯಾಟರಿ ದೀಪ ಹತ್ತುತ್ತದೆ, ಇಂಜಿನ್ನು ಕಾದು ನಿಲ್ಲುತ್ತದೆ.

“ಕಂಪನಿ ಪುಲ್ಲಿ ಈಗ ಬರಲ್ಲ ಮೇಡಂ. ಈ ಮಾಡೆಲ್ ನಿಲ್ಸಿ ಎಷ್ಟೋ ಕಾಲ ಆಯ್ತು.”

“ಬೇರೆ ಕಂಪನಿದು ಸಿಗುತ್ತಲ್ಲ?”

“ಸಿಗುತ್ತೆ. ನಾನು ಹಾಕಲ್ಲ. ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಕಟ್ತೀರಿ.”

“ಹಾಗಾದ್ರೆ ನಾನೇ ಹಾಕ್ಕೋತೀನಿ.”

ನಕ್ಕಿದ್ದರೆ ವಾಸಿಯಿತ್ತು. “ಸರ್‌ನ ಒಂದು ಮಾತು ಕೇಳಿ ಮೇಡಂ” ಅಂದ. ಸರ್ ಮನೆ ಬಿಟ್ಟು ಇನ್ನೊಬ್ಬಳ ಮನೆ ಸೇರಿರುವುದು ಪಾಪ ಅವನಿಗೆ ಗೊತ್ತಿಲ್ಲ. ಕಾರನ್ನು ತಳ್ಳಿಸಿಕೊಂಡು ಮನೆಗೆ ತಂದೆ.

ಕಾರಿನ ಕಾಗದಪತ್ರ ಗಂಡನ ಹೆಸರಿನಲ್ಲಿ ಇರುವುದರಿಂದ ಸರ್‌ಗೆ ಫೋನು ಮಾಡಲೇಬೇಕಾಯಿತು. ಗುಜರಿಗೆ ಹಾಕು ಅಂದ. “ಇಪ್ಪತ್ತಮೂರಕ್ಕೆ ಭಾನುವಾರ ನಾನೇ ಲಾರಿ ತರ್ತೀನಿ. ಅಮ್ಮನ್ನೂ ಅವತ್ತೇ ಕರ್ಕೊಂಡು ಹೋಗ್ತೀನಿ. ಇಲ್ಲಿ ಒಂದು ರೂಮು ಖಾಲಿ ಆಗಿದೆ.”

ರಿಪೇರಿ ನಾನೇ ಮಾಡುತ್ತೇನೆ ಅಂದಾಗ ಮಾತ್ರ ಮನಸಾರೆ ನಕ್ಕ. “ನೀನಾ? ಬಲ್ಬ್ ಬದಲಾಯಿಸೋಕೂ ನನ್ನ ಕರೀತಿದ್ದೋಳು! ಅವತ್ತು ಕಾರು ಸ್ಟಾರ್ಟ್ ಆದ್ರೆ ನೀನೇ ಇಟ್ಕೋ, ಹೋಗು.”

“ನೆನಪಿಟ್ಕೋ” ಅಂತ ಹೇಳಿ ಫೋನಿಟ್ಟೆ.

ಆ ಕಾರು ನನಗೆ ಬೇಕು. ನಾನು ಮನೆಮನೆಗೆ ಹೋಗಿ ರಕ್ತ ತೆಗೆದು ಲ್ಯಾಬಿಗೆ ತಲುಪಿಸುವವಳು. ಐಸು ತುಂಬಿದ ಡಬ್ಬಿ ಹಿಡಿದುಕೊಂಡು ಮೂರು ಬಸ್ಸು ಬದಲಾಯಿಸಿದರೆ ರಕ್ತ ಕೆಡುತ್ತದೆ, ನಾನೂ ಕೆಡುತ್ತೇನೆ. ಈ ತಿಂಗಳು ಮುಗಿಯುವುದರೊಳಗೆ ಗಾಡಿ ಸರಿಹೋಗದಿದ್ದರೆ ನನ್ನನ್ನು ಕೌಂಟರಿನಲ್ಲಿ ಕೂರಿಸುತ್ತಾರಂತೆ, ರಸೀದಿ ಹರಿಯಲು.

ಅವನ ಅಮ್ಮ, ಆ ಮುದುಕಿ, ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು. ಮಗನ ಜೊತೆ ಹೋಗಲಿ, ನನಗೂ ಒಂದು ಕೋಣೆ ಖಾಲಿಯಾಗುತ್ತದೆ.

ಫೆಬ್ರವರಿ 5, ಬುಧವಾರ

ಪುಲ್ಲಿ ತರಿಸಲು ಹೇಳಿದ್ದೇನೆ. ರಬ್ಬರೇ ಇಲ್ಲದ, ಒಂದೇ ಲೋಹದ ತುಂಡಿನಲ್ಲಿ ಕಡೆದದ್ದು. ಸತ್ತುಹೋಗಲು ಅದರಲ್ಲಿ ಏನೂ ಇಲ್ಲ. ಅದಕ್ಕೇ ಇಷ್ಟವಾಯಿತು.

ಈ ಮನೆಯಲ್ಲಿ ಮಾತು ನಿಂತು ನಾಲ್ಕು ತಿಂಗಳಾಯಿತು. ಅವನು ಮನೆ ಬಿಟ್ಟ ವಾರ ಮುದುಕಿ ಅಡುಗೆಮನೆಯಲ್ಲಿ ನಿಂತು, “ಹೆಂಡತಿ ಸರಿಯಾಗಿದ್ದಿದ್ರೆ ಗಂಡ ಯಾಕೆ ಹೊಸಿಲು ದಾಟ್ತಾನೆ?” ಅಂದಳು. ಅವತ್ತಿನಿಂದ ನಾನು ಅವಳೊಡನೆ ಮಾತಾಡಿಲ್ಲ. ಏನಾದರೂ ಹೇಳಬೇಕಾದರೆ ಗೋಡೆಗೆ ಹೇಳುತ್ತೇನೆ. ಅವಳು ಪಾತ್ರೆಯ ಕಪಾಟಿಗೆ ಹೇಳುತ್ತಾಳೆ. “ಊಟ ಮಾಡೋರು ಯಾರಾದ್ರೂ ಇದ್ರೆ ಮುಚ್ಚಿಟ್ಟಿದೀನಿ” ಅಂತ ಇವತ್ತು ಕಪಾಟಿಗೆ ತಿಳಿಸಿದಳು. “ಹಸಿವಿಲ್ಲ” ಅಂತ ನಾನು ಗೋಡೆಗೆ ತಿಳಿಸಿದೆ. ಆಮೇಲೆ ಹೋಗಿ ತಿಂದೆ. ಅಡುಗೆ ಮಾತ್ರ ಚೆನ್ನಾಗಿಯೇ ಮಾಡುತ್ತಾಳೆ, ಅದರಲ್ಲಿ ಸುಳ್ಳು ಹೇಳುವುದೇಕೆ.

ಫೆಬ್ರವರಿ 8, ಶನಿವಾರ

ಮಧ್ಯಾಹ್ನ ಕೆಲಸದಿಂದ ಬಂದವಳೇ ಶೆಡ್ಡಿಗೆ ನುಗ್ಗಿದೆ. ಕಾರನ್ನು ಜಾಕಿನಿಂದ ಎತ್ತಿ, ಮರದ ದಿಮ್ಮಿ ಕೊಟ್ಟು, ಬಲಗಡೆಯ ಮುಂಚಕ್ರ ಬಿಚ್ಚಿದೆ. ಒಳಗಿನ ಪ್ಲಾಸ್ಟಿಕ್ ಮರೆ ತೆಗೆದರೆ ಎದುರಿಗೇ ಪುಲ್ಲಿ. ನಡುವೆ ಒಂದೇ ಒಂದು ಬೋಲ್ಟು. ಇಷ್ಟೇನಾ ಅನಿಸಿತು.

ಇಷ್ಟೇ ಅಲ್ಲ. ಪಾನಾ ಹಾಕಿ ಎಳೆದರೆ ಬೋಲ್ಟು ಸಡಿಲವಾಗುವುದಿಲ್ಲ, ಇಡೀ ಇಂಜಿನ್ನೇ ಅದರ ಜೊತೆ ತಿರುಗುತ್ತದೆ. ಫೋನಿನ ವಿಡಿಯೋದಲ್ಲಿ ಒಬ್ಬ ಗಡ್ಡದವನು ಇದನ್ನೆಲ್ಲ ನಗುನಗುತ್ತಾ ಹೇಳಿಕೊಡುತ್ತಾನೆ. ಕಾರನ್ನು ಟಾಪ್ ಗೇರಿಗೆ ಹಾಕಿ ಒಬ್ಬರು ಒಳಗೆ ಕೂತು ಬ್ರೇಕನ್ನು ಬಲವಾಗಿ ಒತ್ತಿ ಹಿಡಿಯಬೇಕಂತೆ, ಆಗ ಇಂಜಿನ್ನು ಅಲುಗದೆ ನಿಲ್ಲುತ್ತದಂತೆ. ಹ್ಯಾಂಡ್‌ಬ್ರೇಕು ಹಿಂದಿನ ಚಕ್ರಕ್ಕೆ ಮಾತ್ರ, ಅದು ಉಪಯೋಗವಿಲ್ಲ. “ನಿಮ್ಮ ಮನೆಯವರನ್ನು ಕರೆಯಿರಿ” ಎಂದು ಗಡ್ಡದವನ ಸಲಹೆ. ಅವನ ಗಡ್ಡಕ್ಕೆ ಬೆಂಕಿ ಬೀಳಲಿ.

ಬ್ರೇಕಿನ ಮೇಲೆ ಕಲ್ಲು ಹೇರಿದೆ, ಜಾರಿತು. ಸೀಟಿಗೂ ಪೆಡಲಿಗೂ ನಡುವೆ ಕೋಲು ಕೊಟ್ಟೆ, ಮುರಿಯಿತು. ಪಾನಾಕ್ಕೆ ಉದ್ದ ಹಿಡಿ ಬೇಕಲ್ಲ, ಅದಕ್ಕೆ ನನ್ನ ಗಂಡ ಬಾಗಿಲಿಗೆ ಅಡ್ಡ ಸಿಕ್ಕಿಸಿ ಜೋತುಬೀಳಲು ತಂದಿದ್ದ ಪೈಪು ಸಿಕ್ಕಿತು. ಎರಡು ದಿನ ಜೋತುಬಿದ್ದು ಮೂರನೆಯ ದಿನದಿಂದ ಅದರ ಮೇಲೆ ಟವೆಲು ಒಣಹಾಕಿದ ಮನುಷ್ಯ. ಆ ಪೈಪಿಗೆ ಇವತ್ತೇ ಮೊದಲ ಸಲ ವ್ಯಾಯಾಮವಾದದ್ದು.

ಇನ್ನೊಬ್ಬರು ಬೇಕೇ ಬೇಕು. ಮನೆಯಲ್ಲಿ ಇನ್ನೊಬ್ಬಳು ಇದ್ದಾಳೆ. ಕೇಳುವುದಿಲ್ಲ.

ಫೆಬ್ರವರಿ 9, ಭಾನುವಾರ

ಕೇಳುವುದಿಲ್ಲ ಅಂದರೆ ಕೇಳುವುದಿಲ್ಲ.

ಫೆಬ್ರವರಿ 10, ಸೋಮವಾರ

ಗೋಡೆಗೆ ಹೇಳಿದೆ: “ನಾಳೆ ಮಧ್ಯಾಹ್ನ ಯಾರಾದ್ರೂ ಕಾರಿನೊಳಗೆ ಕೂತು ಬ್ರೇಕ್ ಒತ್ತಿದ್ರೆ ಕೆಲಸ ಆಗುತ್ತೆ.”

ಕಪಾಟಿನಲ್ಲಿ ಪಾತ್ರೆ ಸದ್ದಾಯಿತು. ಆಮೇಲೆ ಮುದುಕಿಯ ದನಿ ಬಂತು: “ಯಾವುದು ಬ್ರೇಕು ಅಂತ ತೋರಿಸಿದ್ರೆ ಒತ್ತಬಹುದು.”

ಒತ್ತು, ಬಿಡು ಅಂತ ಹೇಳುವುದು ಹೇಗೆ? ಮಾತಾಡುವುದಂತೂ ಇಲ್ಲ. ಅದಕ್ಕೂ ಗೋಡೆಯೇ ಗತಿ. ಒಂದು ಸಲ ಬಾನೆಟ್ಟು ತಟ್ಟಿದರೆ ಒತ್ತಬೇಕು, ಎರಡು ಸಲ ತಟ್ಟಿದರೆ ಬಿಡಬೇಕು. ಕಪಾಟು ಒಪ್ಪಿತು.

ಫೆಬ್ರವರಿ 11, ಮಂಗಳವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಕಾಗೆ ಕಾಲು ಗುಬ್ಬಿ ಕಾಲು. ಮುದುಕಿ ಸೀಟಿಗೆ ಬೆನ್ನು ಒತ್ತಿಕೊಂಡು, ಎರಡೂ ಕಾಲು ಬ್ರೇಕಿಗೆ ಕೊಟ್ಟು ಕೂತಿದ್ದಳು. ನಾನು ಪೈಪಿಗೆ ಮೈಭಾರವನ್ನೆಲ್ಲ ಹಾಕಿ ಎಳೆಯುತ್ತಿದ್ದೆ. ಅಷ್ಟರಲ್ಲಿ ಕೊರಿಯರಿನವನು ಬಂದು ಗೇಟು ತಟ್ಟಿದ. ಎರಡು ಸಲ. ಅವಳು ಪ್ರಾಮಾಣಿಕವಾಗಿ ಬ್ರೇಕು ಬಿಟ್ಟುಬಿಟ್ಟಳು.

ಇಂಜಿನ್ನು ತಿರುಗಿ, ಪೈಪು ಜಾರಿ, ನನ್ನ ಬಲಗೈ ಹೋಗಿ ಕಬ್ಬಿಣಕ್ಕೆ ಅಪ್ಪಳಿಸಿತು.

“ಅಯ್ಯೋ, ಯಾಕೆ ಬಿಟ್ರಿ!” ಅಂತ ಕಿರುಚಿದೆ.

“ಎರಡು ಸಲ ತಟ್ಟಿದ್ಯಲ್ಲೇ!”

“ನಾನೆಲ್ಲಿ ತಟ್ಟಿದೆ? ಗೇಟು ಕಣ್ರೀ ಅದು, ಗೇಟು!”

“ನಂಗೇನು ಕನಸು ಬಿದ್ದಿತ್ತಾ? ಬಾಯಿದೆಯಲ್ಲ, ಬಾಯಲ್ಲಿ ಹೇಳೋಕೆ ಏನು ರೋಗ ನಿಂಗೆ?”

“ನಿಮಗೇನು ರೋಗ? ಕಪಾಟಿನ ಜೊತೆ ಸಂಸಾರ ಮಾಡ್ತಿರೋರು ನೀವು!”

ಕೊರಿಯರಿನವನು ಗೇಟಿನ ಮೇಲಿಂದ ಎಲ್ಲ ನೋಡುತ್ತ, ಡಬ್ಬಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಡಬ್ಬಿಯಲ್ಲಿ ಇದ್ದದ್ದು ನನ್ನ ಹೊಸ ಪುಲ್ಲಿ.

ಮೂಳೆ ಮುರಿದಿಲ್ಲ. ಎರಡು ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿವೆ. ಬೋಲ್ಟು ಇನ್ನೂ ಅಲ್ಲೇ ಇದೆ. ನಾನು ಬಿಡುವವಳಲ್ಲ.

ಫೆಬ್ರವರಿ 12, ಬುಧವಾರ

ರಜೆ. ಊದಿದ ಬೆರಳಿನಲ್ಲಿ ಸೂಜಿ ಹಿಡಿದರೆ ರೋಗಿ ಓಡಿಹೋಗುತ್ತಾನೆ. ತಲೆ ಬಾಚಿಕೊಳ್ಳಲು ಆಗಲಿಲ್ಲ. ಮುದುಕಿ ಕೇಳದೆಯೇ ಹಿಂದೆ ಬಂದು ಕೂತು ಬಾಚಿದಳು. ಬಾಚಣಿಗೆಯನ್ನು ನೆತ್ತಿಗೆ ಊರಿ ಎಳೆಯುವುದು ನೋಡಿದರೆ ಹಳೆಯ ಸೇಡು ಇದ್ದಂತಿತ್ತು. ಜಡೆ ಮಾತ್ರ ಸಂಜೆಯವರೆಗೂ ಕೆದರಲಿಲ್ಲ.

ಫೆಬ್ರವರಿ 15, ಶನಿವಾರ

ಬೋಲ್ಟು ಬಿಚ್ಚಿತು!

ಹಿಂದಿನ ದಿನವೇ ಎಣ್ಣೆ ಬಿಟ್ಟು ನೆನೆಸಿಟ್ಟಿದ್ದೆ. ಇವತ್ತು ತಟ್ಟುವುದು ಗಿಟ್ಟುವುದು ಏನೂ ಇಲ್ಲ, ಬಾಯಿಬಿಟ್ಟು ಹೇಳುವುದು ಅಂತ ತೀರ್ಮಾನವಾಗಿತ್ತು. ನಾನು “ಒತ್ತಿ” ಅಂದೆ. ಒಳಗಿನಿಂದ “ಒತ್ತಿದೀನಿ, ನೀನು ಎಳಿ” ಅಂದರು. ಎಳೆದೆ. “ಎಳಿಯೇ, ಊಟ ಮಾಡಿಲ್ವಾ?” ಅಂದರು. ಸಿಟ್ಟು ಬಂದು ಇನ್ನೊಂದು ಸಲ ಎಳೆದಾಗ ಟಕ್ ಎಂದು ಸದ್ದಾಯಿತು. ಪೈಪು ಮುರಿಯಿತು ಅಂದುಕೊಂಡೆ, ಮುರಿದಿರಲಿಲ್ಲ.

ಹಳೆಯ ಪುಲ್ಲಿಯನ್ನು ಅಲುಗಿಸಿ ಅಲುಗಿಸಿ ಹೊರಗೆ ತೆಗೆದದ್ದಾಯಿತು. ಹೊರಗಿನ ಬಳೆ ಕೈಯಲ್ಲೇ ಕಳಚಿಬಂತು. ಅವರು ಕಾರಿನಿಂದ ಇಳಿದು ಬಂದು ನೆಲದ ಮೇಲೆ ನನ್ನ ಪಕ್ಕದಲ್ಲೇ ಕೂತು ಅದನ್ನು ತಿರುಗಿಸಿ ನೋಡಿದರು.

“ಇದು ನೀನು ಜೋರಾಗಿ ಓಡಿಸಿ ಹಾಳಾಗಿದ್ದಲ್ವಾ?”

“ಅಲ್ಲ. ರಬ್ಬರ್ ತಾನಾಗೇ ಹೋಗಿದ್ದು. ಯಾರು ಓಡಿಸಿದ್ರೂ ಹೋಗ್ತಿತ್ತು.”

ಅವರು ಅದನ್ನು ಕೆಳಗಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡರು. “ಅವತ್ತು ಅಡುಗೆಮನೇಲಿ ನಾನು ಅಂದಿದ್ದು ತಪ್ಪು ಕಣೇ. ಹೋಗಿದ್ದು ಅವನು, ಬೈದಿದ್ದು ನಿನ್ನ. ಎದುರಿಗೆ ನೀನಿದ್ದೆ ಅಂತ ಬೈದೆ.”

ಆ ಪಾನಾ ಕೊಡಿ ಅಂದೆ. ಕೊಟ್ಟರು.

ಫೆಬ್ರವರಿ 16, ಭಾನುವಾರ

ಹೊಸ ಪುಲ್ಲಿ ಕೂತಿತು. ಬಿಗಿಯುವಾಗಲೂ ಅದೇ ಕಥೆ. ಅತ್ತೆ ಬ್ರೇಕಿನ ಮೇಲೆ, ನಾನು ಪೈಪಿನ ಮೇಲೆ. ಅವರ ಮೈಯಲ್ಲಿ ಇರುವುದು ಹಿಡಿ ಮೂಳೆ, ಆದರೂ ಬ್ರೇಕು ಒಂದಿಷ್ಟೂ ಸಡಿಲವಾಗಲಿಲ್ಲ. “ಹಟ ಇದ್ರೆ ಸಾಕು, ತೂಕ ಯಾಕೆ ಬೇಕು?” ಅಂದರು.

ಈ ಪುಲ್ಲಿ ಹಳೆಯದಕ್ಕಿಂತ ಕೊಂಚ ಚಿಕ್ಕದು. ಬೆಲ್ಟು ಹಾಕಿದರೆ ಜೋಲಾಡುತ್ತಿತ್ತು. ಡೈನಮೋವನ್ನು ಸರಿಸಬಹುದಾದಷ್ಟೂ ಸರಿಸಿದೆವು, ಸಾಲಲಿಲ್ಲ. ಇರಲಿ ಅಂತ ಸ್ಟಾರ್ಟ್ ಮಾಡಿದರೆ ಬೆಲ್ಟು ಬೀದಿ ತುಂಬ ಕೇಳುವಂತೆ ಕಿರುಚಿತು. ಎದುರುಮನೆಯವಳು ಕಿಟಕಿಯಿಂದ ಇಣುಕಿ “ಏನಾಯ್ತು?” ಅಂದಳು.

“ಏನಿಲ್ಲಮ್ಮ, ನನ್ನ ಸೊಸೆ ಕಾರು ರಿಪೇರಿ ಮಾಡ್ತಿದಾಳೆ,” ಅಂದರು ಅತ್ತೆ, ಇದು ದಿನಾ ನಡೆಯುವ ಸಂಗತಿ ಎಂಬಂತೆ.

ಚಿಕ್ಕ ಬೆಲ್ಟು ತರಬೇಕು.

ಫೆಬ್ರವರಿ 18, ಮಂಗಳವಾರ

ಎಷ್ಟು ಚಿಕ್ಕದು ಅಂತ ತಿಳಿಯಲು ಪುಲ್ಲಿಗಳ ಸುತ್ತ ದಾರ ಸುತ್ತಿ ಅಳತೆ ತೆಗೆದೆವು. ಅಂಗಡಿಯವನಿಗೆ ದಾರ ತೋರಿಸಿದರೆ, “ಇದೇನು ಸೊಂಟದ ಅಳತೆನಾ?” ಅಂದ. “ಹೌದು, ನಿನ್ನ ಸೊಂಟಕ್ಕೆ ಕಟ್ಟೋಕೆ. ಬೆಲ್ಟ್ ಕೊಡಪ್ಪ,” ಅಂದರು ಅತ್ತೆ. ನನ್ನ ಜೊತೆ ಅಂಗಡಿಗೆ ಬರುತ್ತೇನೆ ಅಂತ ಅವರೇ ಹೊರಟು ಬಂದಿದ್ದರು.

ಹಾಕಿದೆವು. ಕೀಲಿ ತಿರುಗಿಸಿದೆ. ಬ್ಯಾಟರಿ ದೀಪ ಆರಿತು. ಇಂಜಿನ್ನು ನಡುಗದೆ, ಕಿರುಚದೆ, ಸುಮ್ಮನೆ ತನ್ನ ಪಾಡಿಗೆ ಓಡುತ್ತ ನಿಂತಿತು. ಕಾಯುತ್ತದೆಯೇನೋ ಅಂತ ಇಬ್ಬರೂ ಶಾಖ ತೋರಿಸುವ ಮುಳ್ಳನ್ನೇ ನೋಡುತ್ತ ಕೂತೆವು. ನಡುವಿನ ಗೆರೆಯನ್ನು ಅದು ದಾಟಲೇ ಇಲ್ಲ.

ಅತ್ತೆ ನನ್ನ ಬೆನ್ನಿಗೊಂದು ಗುದ್ದು ಕೊಟ್ಟರು. ಜೋರಾಗಿಯೇ ಕೊಟ್ಟರು.

ಫೆಬ್ರವರಿ 20, ಗುರುವಾರ

ಬೆಳಗಿನ ಸುತ್ತು ಕಾರಿನಲ್ಲೇ ಮುಗಿಸಿದೆ. ಗ್ಯಾರೇಜಿನ ಮುಂದೆ ಬೇಕೆಂದೇ ನಿಧಾನ ಮಾಡಿ ಹಾರ್ನು ಹೊಡೆದೆ. ಅವನು ತಲೆಯೆತ್ತಿ ನೋಡಿದ. ಇನ್ನೊಂದು ಸಲ ಹೊಡೆದೆ.

ಮನೆಗೆ ಬಂದರೆ ಅತ್ತೆ ಸೀರೆಗಳನ್ನು ಮಡಿಸಿ ಚೀಲಕ್ಕೆ ಹಾಕುತ್ತಿದ್ದರು. ಹೋಗುವವರನ್ನು ಹಿಡಿದುಕೊಳ್ಳುವ ಚಟ ನನಗಿಲ್ಲ. ಮಗ ಕರೆದಿದ್ದಾನೆ, ಹೋಗುತ್ತಾರೆ. ನಾನು ಗೆಲ್ಲಬೇಕಾಗಿದ್ದದ್ದು ಕಾರು, ಗೆದ್ದಿದ್ದೇನೆ.

ಊಟ ಸೇರಲಿಲ್ಲ. ಉಪ್ಪು ಕಡಿಮೆ ಇತ್ತೋ ಏನೋ.

ಫೆಬ್ರವರಿ 22, ಶನಿವಾರ

ಕಾರು ತೊಳೆದೆ. ಎರಡು ಸಲ ತೊಳೆದೆ.

ಅತ್ತೆಯ ಕೋಣೆಯ ದೀಪ ಬೇಗ ಆರಿತು.

ಫೆಬ್ರವರಿ 23, ಭಾನುವಾರ

ಬಂದ. ದೊಡ್ಡ ಲಾರಿ, ಅದಕ್ಕೊಬ್ಬ ದಪ್ಪ ಮೀಸೆಯ ಡ್ರೈವರು, ಪಕ್ಕದಲ್ಲಿ ಇವನು, ಹೊಸ ಶರ್ಟು ಹಾಕಿಕೊಂಡು.

ನಾನು ಕಾರಿನಲ್ಲಿ ಕೂತು ಕೀಲಿ ತಿರುಗಿಸಿದೆ. ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಶೆಡ್ಡಿನಿಂದ ಹೊರಗೆ ತಂದು ಅವನ ಕಾಲ ಬಳಿ ನಿಲ್ಲಿಸಿದೆ.

“ಯಾರ ಹತ್ರ ಮಾಡಿಸ್ದೆ?”

“ನಾವೇ ಮಾಡಿದ್ದು.”

ಅವನು ಬಾನೆಟ್ಟು ಎತ್ತಿ ನೋಡಿ, ಏನೂ ತಿಳಿಯದೆ ಮುಚ್ಚಿದ. “ಸರಿ ಬಿಡು, ಆಡಿದ ಮಾತು ಆಡಿದ್ದೇ. ಇಟ್ಕೋ. ಅಮ್ಮಾ, ಹೊರಡೋಣ್ವಾ?”

ಅತ್ತೆ ಚೀಲ ಹಿಡಿದುಕೊಂಡು ಬಂದರು. ಲಾರಿಯ ಮೆಟ್ಟಿಲು ಎತ್ತರ, ಡ್ರೈವರು ಕೈ ಹಿಡಿದು ಹತ್ತಿಸಿದ. ಮೇಲೆ ಹೋಗಿ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎದುರಿನ ಗಾಜನ್ನೇ ನೋಡತೊಡಗಿದರು. ನನ್ನ ಕಡೆ ತಿರುಗಲಿಲ್ಲ.

ಆ ಮನೆಯಲ್ಲಿ ಅವರು ಯಾರೊಡನೆ ಜಗಳವಾಡಬೇಕು? ಅಲ್ಲಿನ ಕಪಾಟು ಎಂಥದೋ ಏನೋ. ಬಾಯಿ ತಾನಾಗಿ ತೆರೆಯಿತು.

“ಅತ್ತೆ, ಕೆಳಗಿಳೀರಿ.”

“ಯಾಕೆ? ಅಮ್ಮ ಏನು ಮರೆತಿದಾಳೆ?” ಅಂದ ಅವನು.

“ನಿಂಗಲ್ಲ ಹೇಳಿದ್ದು.”

ಅತ್ತೆ ಈಗಲೂ ಗಾಜನ್ನೇ ನೋಡುತ್ತಿದ್ದರು. “ಯಾಕೆ ಇಳೀಬೇಕು? ಕಾರಣ ಹೇಳು.”

“ಕಾರಣ ಗೀರಣ ಇಲ್ಲ. ನೀವು ಇಲ್ಲೇ ಇರಬೇಕು. ನಂಗೆ ನೀವು ಬೇಕು.”

“ಹತ್ತೋಕೆ ಮುಂಚೆ ಹೇಳಬಾರದಿತ್ತಾ? ನನ್ನ ಮಂಡಿ ಏನಾಗ್ಬೇಕು?” ಅಂದು ಚೀಲವನ್ನು ಕೆಳಗೆ ನನ್ನ ಕೈಗೆ ಎಸೆದರು. ಡ್ರೈವರು ಮತ್ತೆ ಕೈ ಹಿಡಿದು ಇಳಿಸಿದ.

ಅವನ ಮುಖ ಕೆಂಪಾಯಿತು. ಲಾರಿಯ ಬಾಡಿಗೆ, ಖಾಲಿ ಮಾಡಿಸಿಟ್ಟ ಕೋಣೆ, ಬೀದಿಯವರ ಎದುರು ಅವಮಾನ ಅಂತ ಏನೇನೋ ಹೇಳಿದ. ಕೊನೆಗೆ, “ಅಮ್ಮ ಬರಲ್ಲ ಅಂದ್ರೆ ಕಾರೂ ಇಲ್ಲ. ಕಾಗದ ನನ್ನ ಹೆಸರಲ್ಲಿದೆ. ಕೊಡು ಕೀಲಿ,” ಅಂದ.

ಕೊಟ್ಟೆ. ಕೈಯಲ್ಲೇ ಇತ್ತು, ಕೊಟ್ಟೆ. ಇನ್ನೊಂದು ಕೈಯಲ್ಲಿ ಚೀಲ ಭಾರವಾಗಿತ್ತು, ಮೊದಲು ಅದನ್ನು ಒಳಗಿಡಬೇಕು ಅನಿಸುತ್ತಿತ್ತು.

“ಏ, ದಡ್ಡಿ!” ಅತ್ತೆ ನನ್ನ ಕಡೆ ತಿರುಗಿದರು. “ಹಾಗೇ ಕೊಟ್ಟುಬಿಡ್ತೀಯಾ? ಕಾರು ಅವನದು ಸರಿ. ಪುಲ್ಲಿ ಯಾರದು?”

ನನಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಎಲ್ಲಿಂದಲೋ ನಗು ಬಂತು. ಜಾಕು ತಂದೆ.

“ಏನ್ ಮಾಡ್ತಿದೀರಿ? ತಲೆ ಕೆಟ್ಟಿದ್ಯಾ ಇಬ್ರಿಗೂ?”

“ಗುಜರಿ ಕಾರು ಅಂತ ತಾನೇ ಲಾರಿ ತಂದಿದ್ದು?” ಅಂದರು ಅತ್ತೆ. “ಹೇಗಿತ್ತೋ ಹಾಗೇ ತಗೊಂಡು ಹೋಗು. ಕೀಲಿ ಕೊಡಿಲ್ಲಿ, ಒಳಗೆ ಕೂತು ಗೇರು ಹಾಕ್ಬೇಕು. ಮಂಡಿ ನೋವು ನಂಗೆ, ಬಾಗಿಲು ಹಿಡಿ.”

ಮಗ ಬಾಗಿಲು ಹಿಡಿದ. ತಾಯಿ ಸೀಟಿನಲ್ಲಿ ಕೂತು, ಸೆರಗು ಸಿಕ್ಕಿಸಿಕೊಂಡು, ಎರಡೂ ಕಾಲು ಬ್ರೇಕಿಗೆ ಕೊಟ್ಟರು. ನಾನು ಚಕ್ರ ಬಿಚ್ಚಿದೆ, ಬೆಲ್ಟು ತೆಗೆದೆ, ಪೈಪು ಸಿಕ್ಕಿಸಿದೆ. ಅವನು ಪೈಪನ್ನು ಗುರುತು ಹಿಡಿದ. ಲಾರಿಯ ಡ್ರೈವರು ಕಲ್ಲಿನ ಮೇಲೆ ಕೂತು ನೋಡಿ ನೋಡಿ, ಕೊನೆಗೆ ಎದ್ದು ಬಂದು “ಅಕ್ಕಾ, ನನ್ನ ಹತ್ರ ಒಳ್ಳೆ ಪಾನಾ ಇದೆ” ಅಂದ. ಬೇಡಪ್ಪ, ನಮ್ಮದೇ ಸಾಕು ಅಂದೆವು.

ಪುಲ್ಲಿ ಕೈಗೆ ಬಂದಾಗ ಇನ್ನೂ ಬಿಸಿಯಾಗಿತ್ತು. ಹಳೆಯದನ್ನು ಅತ್ತೆ ಕವರಿನಲ್ಲಿ ಹಾಕಿ ಮಗನ ಕೈಗೆ ಕೊಟ್ಟರು. “ಇದು ನಿಂದು. ಊಟ ಹೊತ್ತಿಗೆ ಸರಿಯಾಗಿ ಮಾಡು.” ಲಾರಿ ಕಾರನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಯಿತು.

ನಾಳೆಯಿಂದ ಮತ್ತೆ ಬಸ್ಸು. ತಿಂಗಳು ಮುಗಿದ ಮೇಲೆ ಕೌಂಟರಿಗೆ ಹಾಕಿದರೆ ಹಾಕಲಿ, ಅಲ್ಲಿ ಬಹಳ ದಿನ ಕೂರುವವಳು ನಾನಲ್ಲ. ಅತ್ತೆ ಪುಲ್ಲಿಯನ್ನು ಸೋಪು ಹಾಕಿ ತೊಳೆದು, ಒರೆಸಿ, ಪಾತ್ರೆಯ ಕಪಾಟಿನಲ್ಲಿ ಇಟ್ಟಿದ್ದಾರೆ. ಊಟ ಬಡಿಸುತ್ತ, “ನಿಧಾನಕ್ಕೆ ಹುಡುಕು. ಆತುರ ಏನಿಲ್ಲ,” ಅಂದರು.

“ಏನನ್ನ?”

“ಇದಕ್ಕೆ ಸರಿಹೋಗೋ ಒಂದು ಕಾರನ್ನ.”